ಸೈನಿಕನ ಕಡತದಲ್ಲಿ ಉಳಿದುಹೋದ ತಪ್ಪು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಸೇನೆಯಲ್ಲಿ ಸಕ್ರಿಯ ಸೇವೆ ಮುಗಿಸಿ ಹೊರಬರುವ ಸೈನಿಕನಿಗೆ ಕೊನೆಯದಾಗಿ ಒಂದು ಪತ್ರವನ್ನು ಕೊಡುತ್ತಾರೆ. 1950ರಿಂದ ಬಳಕೆಯಲ್ಲಿರುವ ಈ ನಮೂನೆಯನ್ನು ಅಲ್ಲಿ ಎಲ್ಲರೂ ಡಿಡಿ 214 ಎಂದೇ ಕರೆಯುತ್ತಾರೆ. ಸೇವೆಗೆ ಸೇರಿದ ದಿನ, ಬಿಟ್ಟ ದಿನ, ದರ್ಜೆ, ಮಾಡುತ್ತಿದ್ದ ಕೆಲಸ, ಪಡೆದ ಪದಕಗಳು, ಬಿಡುಗಡೆಯ ಸ್ವರೂಪ ಮತ್ತು ಅದರ ಕಾರಣ, ಇವೆಲ್ಲವೂ ಅದರ ಸಣ್ಣ ಸಣ್ಣ ಚೌಕಗಳಲ್ಲಿ ದಾಖಲಾಗಿರುತ್ತವೆ. ಮುಂದೆ ಆತನಿಗೆ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ದೊರೆಯುವುದೇ, ಅಂಗವೈಕಲ್ಯದ ಪರಿಹಾರಧನ ಬರುವುದೇ, ಓದಿಗೆ ನೆರವು, ಮನೆ ಸಾಲಕ್ಕೆ ಖಾತರಿ, ಸತ್ತ ಮೇಲೆ ರಾಷ್ಟ್ರೀಯ ಸಮಾಧಿ ಭೂಮಿಯಲ್ಲಿ ಜಾಗ ಸಿಗುವುದೇ ಎಂಬ ಪ್ರಶ್ನೆಗಳಿಗೆಲ್ಲ ಅಧಿಕಾರಿಗಳು ಮೊದಲು ನೋಡುವುದು ಈ ಪತ್ರವನ್ನೇ. ಹೀಗಿರುವಾಗ ಅದರಲ್ಲಿ ತಪ್ಪೊಂದು ನುಸುಳಿದರೆ ಏನಾಗುತ್ತದೆ, ಆ ತಪ್ಪನ್ನು ತಿದ್ದಿಸುವ ದಾರಿ ಯಾವುದು, ಆ ದಾರಿ ಎಷ್ಟು ಕಠಿಣ ಎಂಬುದನ್ನು ಈ ಹೊತ್ತಿನ ಮಾತಿನಲ್ಲಿ ತಮ್ಮ ಮುಂದಿಡುತ್ತೇನೆ.

ತಪ್ಪುಗಳಲ್ಲಿ ಹೆಚ್ಚಿನವು ಗುಮಾಸ್ತರ ಕೈತಪ್ಪುಗಳು. ಹೆಸರಿನ ಒಂದಕ್ಷರ ಬದಲಾಗಿರುತ್ತದೆ, ಹುಟ್ಟಿದ ವರ್ಷದ ಅಂಕಿಗಳು ಹಿಂದುಮುಂದಾಗಿರುತ್ತವೆ, ಯುದ್ಧಭೂಮಿಯಲ್ಲಿ ಕಳೆದ ತಿಂಗಳುಗಳು ಲೆಕ್ಕಕ್ಕೆ ಬಂದಿರುವುದಿಲ್ಲ, ಗಾಯಗೊಂಡವನಿಗೆ ಸಲ್ಲಬೇಕಾದ ಪದಕದ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಬಿಡುಗಡೆಯ ದಿನ ಮನೆಗೆ ಹೊರಡುವ ಆತುರದಲ್ಲಿರುವ ಇಪ್ಪತ್ತೆರಡು ವರ್ಷದ ಹುಡುಗ ಪ್ರತಿಯೊಂದು ಚೌಕವನ್ನೂ ಓದಿ ಸಹಿ ಹಾಕುತ್ತಾನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಇಂಥ ತಪ್ಪು ಸಾಬೀತಾದಾಗ ಸಾಮಾನ್ಯವಾಗಿ ಮೂಲ ಪತ್ರವನ್ನು ಅಳಿಸಿ ಬರೆಯುವುದಿಲ್ಲ. ಡಿಡಿ 215 ಎಂಬ ಇನ್ನೊಂದು ಹಾಳೆಯಲ್ಲಿ ಇಂತಿಂಥ ಚೌಕದಲ್ಲಿ ಇದನ್ನು ತೆಗೆದು ಇದನ್ನು ಸೇರಿಸಿ ಓದಿಕೊಳ್ಳತಕ್ಕದ್ದು ಎಂದು ನಮೂದಿಸಿ ಕೊಡುತ್ತಾರೆ. ಅಲ್ಲಿಂದ ಮುಂದೆ ಆ ಎರಡು ಹಾಳೆಗಳನ್ನೂ ಒಟ್ಟಿಗೇ ಇಟ್ಟುಕೊಂಡಿರಬೇಕು. ಮೊದಲನೆಯದನ್ನಷ್ಟೇ ತೋರಿಸಿದರೆ ಹಳೆಯ ತಪ್ಪೇ ಮತ್ತೆ ಎದುರಾಗುತ್ತದೆ.

ಇದಕ್ಕಿಂತ ಭಾರವಾದ ತಪ್ಪುಗಳು ಬಿಡುಗಡೆಯ ಸ್ವರೂಪವನ್ನೂ ಕಾರಣವನ್ನೂ ಹೇಳುವ ಚೌಕಗಳಲ್ಲಿರುತ್ತವೆ. ಗೌರವಯುತ ಬಿಡುಗಡೆ ಎಂಬುದರಿಂದ ಆರಂಭವಾಗಿ ಕೆಳಕೆಳಗಿನ ದರ್ಜೆಗಳಿಗೆ ಇಳಿದಂತೆಲ್ಲ ಸೌಲಭ್ಯಗಳೂ ಕಡಿಮೆಯಾಗುತ್ತ ಹೋಗುತ್ತವೆ. ಕಾರಣದ ಚೌಕದಲ್ಲಿ ವ್ಯಕ್ತಿತ್ವದ ದೋಷ ಎಂದು ಬರೆದಿದ್ದರೆ, ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಆ ಮಾತು ಅವನಿಗಿಂತ ಮೊದಲೇ ಮೇಜಿನ ಮೇಲೆ ಕುಳಿತಿರುತ್ತದೆ.

ಹಿಂದೆ ಇಂಥ ದಾಖಲೆಯನ್ನು ತಿದ್ದಿಸಬೇಕಾದರೆ ಎಷ್ಟೋ ಸಂದರ್ಭಗಳಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಆ ಒಬ್ಬ ವ್ಯಕ್ತಿಯ ಹೆಸರಿನಲ್ಲೇ ಮಸೂದೆ ಮಂಡಿಸಿ ಒಪ್ಪಿಗೆ ಪಡೆಯಬೇಕಾಗಿತ್ತು. ಎರಡನೆಯ ಮಹಾಯುದ್ಧ ಮುಗಿದು ಲಕ್ಷಾಂತರ ಸೈನಿಕರು ಮನೆಗೆ ಮರಳಿದಾಗ ಈ ಕ್ರಮ ನಡೆಯುವಂತಿರಲಿಲ್ಲ. 1946ರಲ್ಲಿ ಬಂದ ಶಾಸನವೊಂದು ಈ ಅಧಿಕಾರವನ್ನು ಸೇನಾ ಇಲಾಖೆಗಳ ಕಾರ್ಯದರ್ಶಿಗಳಿಗೆ ವಹಿಸಿ, ನಾಗರಿಕರನ್ನೇ ಸದಸ್ಯರನ್ನಾಗಿ ಉಳ್ಳ ಮಂಡಳಿಗಳ ಮೂಲಕ ಅದನ್ನು ಚಲಾಯಿಸಬೇಕೆಂದು ವಿಧಿಸಿತು. ಭೂಸೇನೆಗೊಂದು, ನೌಕಾಪಡೆಗೊಂದು, ವಾಯುಪಡೆಗೊಂದು, ಕರಾವಳಿ ಕಾವಲು ಪಡೆಗೊಂದು ಹೀಗೆ ಮಂಡಳಿಗಳು ಈಗಲೂ ಕೆಲಸ ಮಾಡುತ್ತಿವೆ. ದೋಷವನ್ನು ಸರಿಪಡಿಸುವುದು ಮಾತ್ರವಲ್ಲ, ಅನ್ಯಾಯವನ್ನು ನಿವಾರಿಸುವುದೂ ಅವುಗಳ ಅಧಿಕಾರದೊಳಗಿದೆ. ಈ ಎರಡನೆಯ ಆಧಾರವನ್ನು ಸೇರಿಸಿದವರ ದೂರದೃಷ್ಟಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಏಕೆಂದರೆ ನಿಯಮದ ಪ್ರಕಾರ ಎಲ್ಲವೂ ಸರಿಯಾಗಿಯೇ ನಡೆದು, ಅದೇ ನಿಯಮದಿಂದ ಒಬ್ಬನ ಬಾಳು ಹಾಳಾಗಿರುವ ಪ್ರಸಂಗಗಳು ಕೈತಪ್ಪಿನ ಪ್ರಸಂಗಗಳಿಗಿಂತ ಹೆಚ್ಚು ನೋವಿನವು.

ಅರ್ಜಿಯ ನಮೂನೆ ಡಿಡಿ 149. ತಪ್ಪು ಗಮನಕ್ಕೆ ಬಂದ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕೆಂಬುದು ನಿಯಮವಾದರೂ, ನ್ಯಾಯದ ದೃಷ್ಟಿಯಿಂದ ಉಚಿತವೆಂದು ಕಂಡರೆ ಮಂಡಳಿ ಆ ವಿಳಂಬವನ್ನು ಮನ್ನಿಸಬಹುದು. ಸೈನಿಕ ತೀರಿಕೊಂಡಿದ್ದರೆ ಅವನ ಹೆಂಡತಿ, ಮಕ್ಕಳು ಅಥವಾ ಕಾನೂನುಬದ್ಧ ಪ್ರತಿನಿಧಿ ಅರ್ಜಿ ಹಾಕಬಹುದು. ಬಿಡುಗಡೆಯ ದರ್ಜೆಯನ್ನೂ ಕಾರಣವನ್ನೂ ಮಾತ್ರ ಮರುಪರಿಶೀಲಿಸುವ ಬೇರೆ ಮಂಡಳಿಗಳೂ ಇದ್ದು, ಅವುಗಳ ಮುಂದೆ ಹೋಗಲು ಬಿಡುಗಡೆಯಾದಂದಿನಿಂದ 15 ವರ್ಷಗಳ ಕಾಲಾವಕಾಶವಿದೆ. ಆದರೆ ಎಲ್ಲಿಗೆ ಹೋದರೂ ಮೊದಲ ಹೆಜ್ಜೆಯಲ್ಲೇ ಅರ್ಜಿದಾರನಿಗೆ ಎದುರಾಗುವುದು ಒಂದು ಗ್ರಹಿಕೆ: ಸರ್ಕಾರಿ ದಾಖಲೆಯನ್ನು ಕ್ರಮಬದ್ಧವಾಗಿಯೇ ಬರೆಯಲಾಗಿದೆ ಎಂದು ಮಂಡಳಿ ಭಾವಿಸಿಕೊಂಡು ಹೊರಡುತ್ತದೆ, ಅದು ಹಾಗಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ದಾಖಲೆ ಬರೆದದ್ದು ಸೇನೆ, ಕಡತವನ್ನು ಇಟ್ಟುಕೊಂಡದ್ದು ಸರ್ಕಾರ, ಪುರಾವೆ ಹುಡುಕಬೇಕಾದವನು ಮಾತ್ರ ಆ ಕಡತವನ್ನು ಒಮ್ಮೆಯೂ ಕಣ್ಣಾರೆ ನೋಡದ ಸೈನಿಕ. ಈ ವ್ಯವಸ್ಥೆಯ ಅತಿ ದೊಡ್ಡ ಅಸಮಾನತೆ ಇದೇ ಎಂದು ನಾನು ತಿಳಿದಿದ್ದೇನೆ.

ಆದ್ದರಿಂದ ಅರ್ಜಿ ಬರೆಯುವ ಮೊದಲು ತನ್ನ ಪೂರ್ತಿ ಸೇವಾ ಕಡತದ ಪ್ರತಿಯನ್ನು ತರಿಸಿಕೊಳ್ಳುವುದು ಅಗತ್ಯ. ಆಮೇಲೆ ಆ ಕಾಲದ ವರ್ಗಾವಣೆಯ ಆದೇಶಗಳು, ಆಸ್ಪತ್ರೆಯ ಚೀಟಿಗಳು, ಅಂಚೆಯ ಮುದ್ರೆ ಇರುವ ಪತ್ರಗಳು ಇವುಗಳನ್ನು ಕಲೆಹಾಕಬೇಕು. ಜೊತೆಗಾರ ಸೈನಿಕರಿಂದ ಹೇಳಿಕೆ ಪಡೆಯುವಾಗ ಹಲವರು ಎಡವುತ್ತಾರೆ. ಇವನು ಒಳ್ಳೆಯವನು, ಧೈರ್ಯಶಾಲಿ, ದೇಶಭಕ್ತ ಎಂದು ಎರಡು ಪುಟ ಬರೆಸಿ ತಂದರೆ ಅದರಿಂದ ಪ್ರಯೋಜನ ಕಡಿಮೆ. ನಾನು ಇಂಥ ತುಕಡಿಯಲ್ಲಿದ್ದೆ, ಇಂಥ ತಿಂಗಳಲ್ಲಿ ಇಂಥ ಜಾಗದಲ್ಲಿ ಷೆಲ್ ಸಿಡಿದಾಗ ಇವನ ಎಡಗೈಗೆ ಚೂರು ಬಡಿದದ್ದನ್ನು ಕಣ್ಣಾರೆ ಕಂಡೆ, ವೈದ್ಯ ಸಹಾಯಕ ಅಲ್ಲೇ ಪಟ್ಟಿ ಕಟ್ಟಿದ, ಎಂಬ ನಾಲ್ಕು ಸಾಲಿನ ಪ್ರಮಾಣಪತ್ರಕ್ಕೆ ಅದಕ್ಕಿಂತ ಹೆಚ್ಚು ತೂಕವಿದೆ. ಯಾವ ಚೌಕದಲ್ಲಿ ಏನಿದೆ, ಅದರ ಬದಲು ಏನಿರಬೇಕು ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಕೇಳದೇ ಇದ್ದದ್ದನ್ನು ಮಂಡಳಿ ತಾನಾಗಿ ಹುಡುಕಿ ಕೊಡುವುದು ಅಪರೂಪ.

ಪುರಾವೆ ತರಿಸಿಕೊಳ್ಳೋಣವೆಂದರೆ ಕಡತವೇ ಇಲ್ಲದವರ ಪಾಡೇನು? 1973ರ ಜುಲೈ 12ರಂದು ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದ ಆರನೆಯ ಅಂತಸ್ತಿನಲ್ಲಿ ಬೆಂಕಿ ಹೊತ್ತಿಕೊಂಡು ದಿನಗಟ್ಟಲೆ ಉರಿಯಿತು. 160ರಿಂದ 180 ಲಕ್ಷ ಕಡತಗಳು ಅದರಲ್ಲಿ ನಾಶವಾದವು. 1912ರಿಂದ 1960ರವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಸುಮಾರು ಶೇಕಡಾ 80, ಮತ್ತು 1947ರಿಂದ 1964ರವರೆಗೆ ವಾಯುಪಡೆಯಿಂದ ಬಿಡುಗಡೆಯಾದವರಲ್ಲಿ, ಅಕ್ಷರಾನುಕ್ರಮದಂತೆ ಒಂದು ಹಂತದ ನಂತರದ ಹೆಸರುಳ್ಳವರ ದಾಖಲೆಗಳಲ್ಲಿ ಸುಮಾರು ಶೇಕಡಾ 75 ಹೋದವೆಂದು ಅಂದಾಜು ಮಾಡಲಾಗಿದೆ. ಅವುಗಳ ನಕಲು ಪ್ರತಿ ಇರಲಿಲ್ಲ, ಮೈಕ್ರೊಫಿಲ್ಮ್ ಇರಲಿಲ್ಲ, ಏನೇನು ಇತ್ತೆಂದು ತಿಳಿಸುವ ಪೂರ್ಣ ಸೂಚಿಯೂ ಇರಲಿಲ್ಲ. ಎರಡು ಮಹಾಯುದ್ಧಗಳಲ್ಲೂ ಕೊರಿಯಾದಲ್ಲೂ ಹೋರಾಡಿದ ಅಸಂಖ್ಯ ಜನರ ಸೇವೆಯ ಲಿಖಿತ ನೆನಪು ಹೀಗೆ ಬೂದಿಯಾಯಿತು.

ಉಳಿದ ಸುಮಾರು 65 ಲಕ್ಷ ದಾಖಲೆಗಳನ್ನು, ಅಂಚು ಸುಟ್ಟವನ್ನೂ ನೀರಿನಲ್ಲಿ ನೆನೆದವನ್ನೂ ಸೇರಿಸಿ, ಒಣಗಿಸಿ ಕಾಪಾಡಿದ್ದಾರೆ. ಕಳೆದುಹೋದದ್ದನ್ನು ಮತ್ತೆ ಕಟ್ಟುವ ಕೆಲಸಕ್ಕೆ ಕೊನೆಯ ಸಂಬಳದ ರಸೀದಿಗಳು, ಆಸ್ಪತ್ರೆಗೆ ದಾಖಲಾದವರ ಪಟ್ಟಿಗಳು, ಮತ್ತು ಬೆಳಗಿನ ವರದಿಗಳು ಆಧಾರವಾಗುತ್ತವೆ. ಬೆಳಗಿನ ವರದಿಯೆಂದರೆ ಸೇನೆಯ ಪ್ರತಿಯೊಂದು ಕಂಪನಿಯೂ, ಅಂದರೆ ತುಕಡಿಯೂ, ದಿನಕ್ಕೊಮ್ಮೆ ಕಳುಹಿಸುತ್ತಿದ್ದ ಲೆಕ್ಕಪತ್ರ. ಅದರಲ್ಲಿ ಇದ್ದವರೆಲ್ಲರ ಹೆಸರು ಇರುವುದಿಲ್ಲ. ಯಾರು ಆಸ್ಪತ್ರೆಗೆ ಹೋದರು, ಯಾರು ಮರಳಿದರು, ಯಾರು ಬೇರೆಡೆಗೆ ವರ್ಗವಾದರು ಎಂಬ ಬದಲಾವಣೆಗಳಷ್ಟೇ ಇರುತ್ತವೆ. ಹಾಗಾಗಿ ತನ್ನ ಕಂಪನಿ ಯಾವುದು, ಗಾಯವಾದದ್ದು ಯಾವ ತಿಂಗಳು ಎಂದು ಹೇಳಬಲ್ಲವನಿಗೆ ಅದರಲ್ಲಿ ತನ್ನ ಹೆಸರಿನ ಒಂದು ಸಾಲು ಸಿಗುವ ಸಾಧ್ಯತೆಯಿದೆ. ತೊಂಬತ್ತು ವರ್ಷದ ಮುದುಕನಿಂದ ಅಷ್ಟು ಖಚಿತವಾದ ನೆನಪನ್ನು ಕೇಳುವುದು ಎಂಥ ಮಾತೆಂಬುದನ್ನು ತಾವೇ ಊಹಿಸಬಹುದು. ಈ ಬೆಂಕಿಗೆ ಸಿಕ್ಕಿದವರ ವಿಷಯದಲ್ಲಿ ಅನುಮಾನದ ಲಾಭ ಸಂಪೂರ್ಣವಾಗಿ ಸೈನಿಕನಿಗೇ ಸಲ್ಲಬೇಕು. ಕಡತ ಕಳೆದದ್ದು ಅವನ ಕೈಯಿಂದಲ್ಲ.

ಇನ್ನು ಅನ್ಯಾಯದ ವಿಷಯ. ವಿಯೆಟ್ನಾಂ ಯುದ್ಧದಿಂದ ಮರಳಿದ ಎಷ್ಟೋ ಮಂದಿ ನಿದ್ದೆ ಕಳೆದುಕೊಂಡರು, ಕುಡಿತಕ್ಕೆ ಬಿದ್ದರು, ಹೇಳದೆ ಕೇಳದೆ ಶಿಬಿರ ಬಿಟ್ಟು ಹೋದರು, ಮೇಲಧಿಕಾರಿಗೆ ಎದುರಾಡಿದರು. ಕಡತದಲ್ಲಿ ಅದು ಅಶಿಸ್ತು ಎಂದು ದಾಖಲಾಯಿತು, ಬಿಡುಗಡೆಯ ದರ್ಜೆ ಕೆಳಗಿಳಿಯಿತು, ಅದರೊಂದಿಗೆ ಚಿಕಿತ್ಸೆಯ ಬಾಗಿಲೂ ಅನೇಕರಿಗೆ ಮುಚ್ಚಿತು. ಆಘಾತದ ನಂತರ ಕಾಡುವ ಈ ಮಾನಸಿಕ ಕಾಯಿಲೆಯನ್ನು, ಇಂದು ಪಿಟಿಎಸ್‌ಡಿ ಎಂದು ಕರೆಯುವುದನ್ನು, ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿ ಸೇರಿಸಿಕೊಂಡದ್ದೇ 1980ರಲ್ಲಿ. ರೋಗಕ್ಕೆ ಹೆಸರೇ ಇಲ್ಲದ ಕಾಲದಲ್ಲಿ ರೋಗದ ಪ್ರಮಾಣಪತ್ರವನ್ನು ಯಾರು ತಾನೇ ಕೊಟ್ಟಾರು? 2014ರಲ್ಲಿ ಅಂದಿನ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್, ತಾವೇ ವಿಯೆಟ್ನಾಂನಲ್ಲಿ ಹೋರಾಡಿ ಗಾಯಗೊಂಡಿದ್ದವರು, ಇಂಥವರ ಅರ್ಜಿಗಳನ್ನು ಉದಾರವಾಗಿ ಪರಿಗಣಿಸಬೇಕೆಂದು ಮಂಡಳಿಗಳಿಗೆ ಸೂಚನೆ ಕಳುಹಿಸಿದರು. 2017ರ ಇನ್ನೊಂದು ಸೂಚನೆ ಅದನ್ನು ತಲೆಗೆ ಬಿದ್ದ ಪೆಟ್ಟಿಗೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ಸ್ಪಷ್ಟವಾಗಿ ವಿಸ್ತರಿಸಿತು. ವಿಯೆಟ್ನಾಂ ಯುದ್ಧ ಮುಗಿದು ನಾಲ್ಕು ದಶಕಗಳಾಗುತ್ತ ಬಂದ ಮೇಲೆ ಬಂದ ಆದೇಶವಿದು. ಅಷ್ಟರಲ್ಲಿ ಎಷ್ಟೋ ಅರ್ಜಿದಾರರು ತೀರಿಕೊಂಡಿದ್ದರು.

ಜನಾಂಗದ ಕಾರಣಕ್ಕೆ ಕೆಟ್ಟ ದಾಖಲೆಗಳ ಕಥೆ ಇನ್ನೂ ಹಳೆಯದು. ಹೆನ್ರಿ ಫ್ಲಿಪ್ಪರ್ ಗುಲಾಮಗಿರಿಯಲ್ಲಿ ಹುಟ್ಟಿ, 1877ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿಂದ ಪದವಿ ಪಡೆದ ಮೊದಲ ಕಪ್ಪು ಅಧಿಕಾರಿ. ಟೆಕ್ಸಸ್ಸಿನ ಫೋರ್ಟ್ ಡೇವಿಸ್‌ನಲ್ಲಿ ಹಣ ದುರುಪಯೋಗದ ಆರೋಪ ಹೊರಿಸಿ ಅವರನ್ನು ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಆ ಆರೋಪದಿಂದ ಅವರು ಮುಕ್ತರಾದರೂ, ಅಧಿಕಾರಿಗೆ ತಕ್ಕುದಲ್ಲದ ನಡತೆ ಎಂಬ ಆರೋಪದ ಮೇಲೆ 1882ರಲ್ಲಿ ವಜಾಗೊಂಡರು. ಬದುಕಿನುದ್ದಕ್ಕೂ ಹೋರಾಡಿ 1940ರಲ್ಲಿ ತೀರಿಕೊಂಡ ಅವರ ಕಡತ ಬದಲಾದದ್ದು 1976ರಲ್ಲಿ. ಶಿಕ್ಷೆ ಅತಿಯಾಯಿತು, ಅನ್ಯಾಯವಾಯಿತು ಎಂದು ಭೂಸೇನೆಯ ಮಂಡಳಿ ಒಪ್ಪಿಕೊಂಡು, ವಜಾ ಎಂದಿದ್ದಲ್ಲಿ ಗೌರವಯುತ ಬಿಡುಗಡೆ ಎಂದು ಬರೆಸಿತು. ಅಪರಾಧ ನಿರ್ಣಯವನ್ನು ಅಳಿಸುವ ಅಧಿಕಾರ ತನಗಿಲ್ಲವೆಂದು ಅದು ಹೇಳಿದ್ದರಿಂದ, 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮಾದಾನ ನೀಡುವವರೆಗೆ ಆ ಭಾಗ ಹಾಗೆಯೇ ಉಳಿಯಿತು. 1917ರಲ್ಲಿ ಹ್ಯೂಸ್ಟನ್ ನಗರದ ಗಲಭೆಯ ಸಂಬಂಧ ಶಿಕ್ಷೆಗೊಳಗಾದ 110 ಕಪ್ಪು ಸೈನಿಕರ ಪ್ರಕರಣವಂತೂ 2023ರವರೆಗೆ ಕಾಯಿತು. ಮಂಡಳಿಯ ಶಿಫಾರಸಿನಂತೆ ಆ ತೀರ್ಪುಗಳನ್ನೆಲ್ಲ ಬದಿಗಿರಿಸಿ, ಅವರ ಸೇವೆ ಗೌರವಯುತವಾದದ್ದೆಂದು ದಾಖಲಿಸಲು ಸೇನೆ ಒಪ್ಪಿತು. ಅವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಗಿತ್ತು.

ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಶುಶ್ರೂಷೆ ಮಾಡಿದ ವೈದ್ಯೆ ಮೇರಿ ವಾಕರ್ ಅವರ ಪ್ರಸಂಗವೂ ಇಲ್ಲಿ ನೆನೆಯತಕ್ಕದ್ದು. 1865ರಲ್ಲಿ ಅವರಿಗೆ ಕೊಟ್ಟ ಮೆಡಲ್ ಆಫ್ ಆನರ್ ಎಂಬ ಅಮೆರಿಕದ ಅತ್ಯುನ್ನತ ಸೇನಾ ಪದಕವನ್ನು 1917ರಲ್ಲಿ ಇತರ ನೂರಾರು ಮಂದಿಯ ಪದಕಗಳೊಂದಿಗೆ ರದ್ದುಗೊಳಿಸಿದರು. ಅವರು ಅದನ್ನು ಹಿಂದಿರುಗಿಸದೆ ಸಾಯುವವರೆಗೂ ಧರಿಸಿದರು. 1977ರಲ್ಲಿ ಭೂಸೇನೆಯ ಮಂಡಳಿಯ ಮೂಲಕವೇ ಆ ಗೌರವ ದಾಖಲೆಗೆ ಮರಳಿತು.

ಇಂಥ ಹೆಸರಾಂತ ಪ್ರಕರಣಗಳ ಹಿಂದೆ ವಂಶದವರು, ಇತಿಹಾಸಕಾರರು, ವಕೀಲರು ನಿಂತಿದ್ದರು. ಯಾರ ಬೆಂಬಲವೂ ಇಲ್ಲದೆ ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಬರೆಯುವವನ ಬಗ್ಗೆ ನನಗೆ ಹೆಚ್ಚು ಕಾಳಜಿ. ಅಂಥವರಿಗೆ ಮಾಜಿ ಸೈನಿಕರ ಸಂಘಟನೆಗಳೂ ಕೆಲವು ಕಾನೂನು ಕಾಲೇಜುಗಳ ನೆರವು ಕೇಂದ್ರಗಳೂ ಹಣ ಪಡೆಯದೆ ಸಹಾಯ ಮಾಡುತ್ತವೆ. ಮಂಡಳಿ ಅರ್ಜಿಯನ್ನು ತಿರಸ್ಕರಿಸಿದರೆ ಕಾರಣಗಳನ್ನು ಬರೆದು ಕಳುಹಿಸುತ್ತದೆ. ಆ ಕಾರಣಗಳನ್ನು ಗಮನವಿಟ್ಟು ಓದಬೇಕು, ಯಾವ ಪುರಾವೆ ಸಾಲದಾಯಿತೆಂಬುದು ಅಲ್ಲೇ ತಿಳಿಯುತ್ತದೆ. ಫೆಡರಲ್ ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕೂ ಅವಕಾಶವಿದೆ. ಅರ್ಜಿ ಒಪ್ಪಿತವಾದರೂ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಮಾಜಿ ಸೈನಿಕರ ಇಲಾಖೆ ಬೇರೆಯೇ ಆದ್ದರಿಂದ, ತಿದ್ದಿದ ಪತ್ರವನ್ನು ಅಲ್ಲಿಗೆ ಒಯ್ದು ಸೌಲಭ್ಯಗಳಿಗಾಗಿ ಪ್ರತ್ಯೇಕವಾಗಿ ಕೇಳಬೇಕು.

ಈಗಿನ ಕಾನೂನಿನಲ್ಲಿ ಒಂದು ಒಳ್ಳೆಯ ಅಂಶವಿದೆ. ಮಂಡಳಿ ಮೊದಲು ನೋಡಿರದ ಹೊಸ ಸಾಕ್ಷ್ಯ ಸಿಕ್ಕರೆ, ಎಷ್ಟೇ ವರ್ಷ ಕಳೆದಿದ್ದರೂ ಮರುಪರಿಶೀಲನೆಗೆ ಕೇಳಬಹುದು, ಮಂಡಳಿ ಅದನ್ನು ಪರಿಗಣಿಸಲೇಬೇಕು. ಗಂಡನ ಅರ್ಜಿ ಹಿಂದೆಂದೋ ತಿರಸ್ಕೃತವಾಗಿದ್ದರೂ, ಹಳೆಯ ಪೆಟ್ಟಿಗೆಯಲ್ಲಿ ಆಸ್ಪತ್ರೆಯ ಚೀಟಿಯೊಂದು ಸಿಕ್ಕ ವಿಧವೆ ಅದನ್ನು ಲಗತ್ತಿಸಿ ಮತ್ತೆ ಬರೆಯಬಹುದು, ಮತ್ತು ಖಂಡಿತವಾಗಿ ಬರೆಯಬೇಕು. ನಮಸ್ಕಾರ.