ಕೊಚ್ಚಿಯನ್ನು ನೀರಿನ ಕಡೆಯಿಂದ ನೋಡುವುದು

ಅಧ್ಯಕ್ಷರೇ, ಸಭಿಕರೇ,

ಮುಂದಿನ ತಿಂಗಳು ನಮ್ಮ ಬಳಗ ಕೊಚ್ಚಿಗೆ ಹೊರಡಲಿದೆ. ನಿಮ್ಮಲ್ಲಿ ಹೆಚ್ಚಿನವರಿಗೆ ಅದು ಮೊದಲ ಭೇಟಿ ಎಂಬ ಕಾರಣಕ್ಕಾಗಿಯೇ ನಾನು ಈ ಉಪನ್ಯಾಸಕ್ಕೆ ಒಪ್ಪಿಕೊಂಡೆ. ಸಂಚಾಲಕರು ಸಿದ್ಧಪಡಿಸಿದ ಪಟ್ಟಿಯಲ್ಲಿ ಚರ್ಚು, ಅರಮನೆ, ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗ್ ಎಲ್ಲವೂ ಇವೆ. ನೀರು ಮಾತ್ರ ಇಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಬಂದರು ಪಟ್ಟಣವನ್ನು ಹುಟ್ಟಿಸುವುದು ನೀರಿನ ಆಳ. ರಾಜರೂ ವರ್ತಕರೂ ಅದನ್ನು ಹುಡುಕಿಕೊಂಡು ಆಮೇಲೆ ಬರುತ್ತಾರೆ.

ಕೊಡುಂಗಲ್ಲೂರಿನ ಬಳಿ ಇತ್ತೆನ್ನಲಾದ ಪ್ರಾಚೀನ ಮುಜಿರಿಸ್ ಬಂದರಿನ ಖ್ಯಾತಿ ನಿಮಗೆ ತಿಳಿದದ್ದೇ. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಕೊಡುಂಗಲ್ಲೂರಿನ ಅಳಿವೆ ಹೂಳು ತುಂಬಿ, ತೆಂಕಣ ಕೊಚ್ಚಿಯಲ್ಲಿ ಹೊಸ ಅಳಿವೆ ತೆರೆದುಕೊಂಡಿತೆಂದು ಇತಿಹಾಸಕಾರರು ಹೇಳುತ್ತಾರೆ. ಹೂಳು ಒಂದು ಊರನ್ನು ಮುಚ್ಚಿತು, ಇನ್ನೊಂದನ್ನು ತೆರೆಯಿತು. 1500ರಲ್ಲಿ ಪೋರ್ಚುಗೀಸ್ ನಾವಿಕ ಕಬ್ರಾಲ್‌ನ ಹಡಗುಗಳು ಬಂದು ಸೇರಿದ್ದು ಈ ಹೊಸ ಬಾಗಿಲಿಗೆ.

ನಾನು ಮೊದಲ ಸಲ ಹೋದಾಗ ಈ ವಿವೇಕ ನನಗಿರಲಿಲ್ಲ. ಚರ್ಚಿಗೆ ಹೊರಟವನು ದಾರಿ ತಪ್ಪಿ ಚೀನೀ ಬಲೆಗಳ ದಡಕ್ಕೆ ಬಂದು ನಿಂತೆ. ಮಲಯಾಳದಲ್ಲಿ ಅವಕ್ಕೆ ಚೀನವಲ ಎನ್ನುತ್ತಾರೆ. ಚೀನೀಯರೇ ತಂದರೋ, ಮಕಾವಿನಿಂದ ಪೋರ್ಚುಗೀಸರು ತಂದರೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಮುಖ್ಯ ತೊಲೆಯ ಮೇಲೆ ಒಬ್ಬಾತ ನಿಧಾನವಾಗಿ ನಡೆದುಹೋದ. ಅವನ ಭಾರಕ್ಕೇ ಅಷ್ಟು ದೊಡ್ಡ ಬಲೆ ನೀರಿಗೆ ಇಳಿಯಿತು. ನಾನು ಬೆರಗಾಗಿ ನಿಂತದ್ದನ್ನು ಕಂಡು ಹಿರಿಯ ಮೀನುಗಾರರೊಬ್ಬರು ಹಗ್ಗ ಹಿಡಿಯಲು ಸನ್ನೆ ಮಾಡಿದರು. ಐವರ ಜೊತೆ ಆರನೆಯವನಾಗಿ ಎಳೆದೆ. ಹಿಂದುಗಡೆ ತೂಗುವ ಕಲ್ಲುಗಳ ಹಗ್ಗಗಳು ಒಂದೊಂದೂ ಒಂದೊಂದು ಉದ್ದದವು. ಬಲೆ ಮೇಲೇರಿದಂತೆ ಕಲ್ಲುಗಳು ಒಂದರ ಹಿಂದೊಂದು ನೆಲೆಗೆ ಕೂರುತ್ತಾ ತೂಕವನ್ನು ಸರಿದೂಗಿಸುತ್ತವೆ. ಅಂದರೆ ನನ್ನ ತೋಳ್ಬಲದ ಅಗತ್ಯ ಅಲ್ಲಿ ಯಾರಿಗೂ ಇರಲಿಲ್ಲ. ಸಿಕ್ಕಿದ್ದು ಬೊಗಸೆಯಷ್ಟು ಮೀನು, ಒಂದು ಹಳೆಯ ಚಪ್ಪಲಿ. ಆ ಹಿರಿಯರು ಚಪ್ಪಲಿಯನ್ನು ನನ್ನ ಪಾಲಿಗೆ ಎತ್ತಿಟ್ಟರು. ಅರ್ಧ ಗಂಟೆ ಅಲ್ಲೇ ಕುಳಿತು ಉಬ್ಬರದ ಸೆಳೆತವನ್ನೂ ಅಳಿವೆಯಲ್ಲಿ ಒಳಬರುವ ಹಡಗುಗಳನ್ನೂ ನೋಡಿದ ಮೇಲೆ, ಪೋರ್ಚುಗೀಸರು ತಮ್ಮ ಕೋಟೆಯನ್ನು ಈ ಮೂಲೆಯಲ್ಲೇ ಏಕೆ ಕಟ್ಟಿದರೆಂದು ಯಾರನ್ನೂ ಕೇಳಬೇಕಾಗಲಿಲ್ಲ.

ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿಯ ಕಲ್ಲಿದೆ. ಆತ 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ. ಅವಶೇಷಗಳನ್ನು ಮುಂದೆ ಪೋರ್ಚುಗಲ್‌ಗೆ ಒಯ್ದರು. 1663ರಲ್ಲಿ ಡಚ್ಚರು ಊರನ್ನು ಗೆದ್ದಾಗ ಕ್ಯಾಥೊಲಿಕ್ ಚರ್ಚು ಪ್ರಾಟೆಸ್ಟಂಟ್ ಆಯಿತು, 1795ರಲ್ಲಿ ಬ್ರಿಟಿಷರು ಬಂದ ಮೇಲೆ ಆಂಗ್ಲಿಕನ್ ಆಯಿತು. ಒಡೆಯರು ಬದಲಾದರೂ ಎಲ್ಲರೂ ಬಯಸಿ ಬಂದದ್ದು ಅದೇ ಅಳಿವೆಯನ್ನು ಎಂಬುದನ್ನು ಮತ್ತೆ ಹೇಳಿದರೆ ಬೇಸರಿಸಬೇಡಿ.

ಮಟ್ಟಾಂಚೇರಿಯ ಡಚ್ ಅರಮನೆಯನ್ನು ಕಟ್ಟಿಸಿದವರು ಪೋರ್ಚುಗೀಸರು, ವಾಸವಿದ್ದವರು ಕೊಚ್ಚಿಯ ಅರಸರು. ರಿಪೇರಿ ಮಾಡಿಸಿದವರ ಹೆಸರು ಉಳಿಯಿತು. ನಮ್ಮ ಲೋಕೋಪಯೋಗಿ ಗುತ್ತಿಗೆದಾರರು ಇದನ್ನು ಗಮನಿಸಬಹುದು. ಪಕ್ಕದ 1568ರ ಪರದೇಶಿ ಸಿನಗಾಗಿನಲ್ಲಿ ನೆಲದ ಚೀನೀ ಹಾಸುಬಿಲ್ಲೆಗಳನ್ನು ಬಾಗಿ ನೋಡಿ. ಡಚ್ಚರ ಗವರ್ನರ್ ವಾನ್ ರೀಡ್ ಮಲಬಾರಿನ ಸಸ್ಯಗಳ ಕುರಿತು ಮಾಡಿಸಿದ ಹನ್ನೆರಡು ಸಂಪುಟಗಳಲ್ಲಿ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಅವರೊಡನೆ ಮೂವರು ಕೊಂಕಣಿ ಪಂಡಿತರೂ ದುಡಿದಿದ್ದರು. ಅದಕ್ಕೆಂದು ತಂದ ಟಿಪ್ಪಣಿ ಜೇಬಿನಲ್ಲೇ ಉಳಿಯಲಿದೆ, ಏಕೆಂದರೆ ಅಧ್ಯಕ್ಷರು ಎರಡನೆಯ ಸಲ ಗಡಿಯಾರ ನೋಡಿದರು.

ರಾಬರ್ಟ್ ಬ್ರಿಸ್ಟೋ ಅವರನ್ನಂತೂ ಬಿಡಲಾರೆ. 1920ರಲ್ಲಿ ಬಂದ ಈ ಎಂಜಿನಿಯರು ಅಳಿವೆಗೆ ಅಡ್ಡಲಾಗಿದ್ದ ಮರಳದಿಣ್ಣೆಯನ್ನು ಕಡಿಸಿ, ಒಳಗಿನ ಹೂಳೆತ್ತಿಸಿ, ಆ ಹೂಳಿನಿಂದಲೇ ವಿಲ್ಲಿಂಗ್ಡನ್ ದ್ವೀಪವನ್ನು ಮಾಡಿಸಿದರು.

ಎರ್ನಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಸರ್ಕಾರಿ ಬೋಟು ಹೋಗುತ್ತದೆ. ಬಸ್ಸು ಖಾಲಿಯಾಗಿ ಸೇತುವೆ ದಾಟಿ ಬರಲಿ. ನಾವೆಲ್ಲ ಬೋಟು ಹತ್ತುವಂತೆ ಪಟ್ಟಿಯನ್ನು ತಿದ್ದಬೇಕೆಂದು ಸಂಚಾಲಕರನ್ನು ಈ ಸಭೆಯ ಎದುರಿಗೇ ಕೇಳಿಕೊಳ್ಳುತ್ತೇನೆ. ನಮಸ್ಕಾರ.