ಆ ಒಂದು ದಿನ ಅಂತ ಯಾವುದೂ ಇಲ್ಲ

ನಮಸ್ಕಾರ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟುಕೊಂಡಿದ್ದೆ. ಅದನ್ನು ಮುಂದಕ್ಕೆ ಹಾಕಿದ್ದೇನೆ. ಕಾರಣ, ಹೋದ ಸಂಚಿಕೆಯ ವಿಡಿಯೋ ಕೆಳಗೆ ಒಬ್ಬ ತಾಯಿ ಬರೆದ ನಾಲ್ಕು ಸಾಲು.

"ಮಗ ಆಟ ಆಡ್ತಾ ಮಂಡಿ ಮೇಲೆ ಬಿದ್ದ. ಊತ ಇಳೀಲೇ ಇಲ್ಲ. ಎಕ್ಸ್‌ರೇ ತೆಗೆಸಿದ್ರೆ ಮೂಳೆ ಕ್ಯಾನ್ಸರ್ ಅಂದ್ರು. ಅವತ್ತು ನಾನು ಅವನನ್ನ ಆಟಕ್ಕೆ ಕಳಿಸಬಾರದಿತ್ತು."

ಓದಿ ಸಂಕಟವಾಯಿತು. ಸಿಟ್ಟು ಬಂದದ್ದು ಅದರ ಕೆಳಗಿನ ಉತ್ತರಗಳನ್ನು ನೋಡಿ. "ಹೌದಮ್ಮ, ಏಟು ಬಿದ್ದ ಜಾಗದಲ್ಲೇ ಬರೋದು." "ನಮಗೆ ಗೊತ್ತಿರೋರಿಗೂ ಹೀಗೇ ಆಯ್ತು." 11 ಜನ ಬರೆದಿದ್ದಾರೆ. ನಿಮ್ಮ ತಪ್ಪಲ್ಲ ಅಂತ ಹೇಳಲು ಒಬ್ಬರಿಗೂ ಮನಸ್ಸು ಬರಲಿಲ್ಲ.

ಅಮ್ಮಾ, ಆ ಒಂದು ದಿನ ಅಂತ ಯಾವುದೂ ಇಲ್ಲ. ಏಟು ಗಡ್ಡೆಯನ್ನು ಹುಟ್ಟಿಸಲಿಲ್ಲ. ಆಗಲೇ ಇದ್ದ ಗಡ್ಡೆಯನ್ನು ತೋರಿಸಿತು. ಬಿದ್ದಿದ್ದಕ್ಕೆ ಎಕ್ಸ್‌ರೇ ತೆಗೆಸಿದಿರಿ, ತೆಗೆಸಿದ್ದಕ್ಕೆ ಸಿಕ್ಕಿತು. ಅವನು ಅವತ್ತು ಮನೆಯಲ್ಲೇ ಕೂತಿದ್ದರೂ ಅದು ಅಲ್ಲೇ ಇರುತ್ತಿತ್ತು. ಗೊತ್ತಾಗುವುದು ಇನ್ನೂ ತಡವಾಗುತ್ತಿತ್ತು.

ಮತ್ತೆ ಮಂಡಿಯಲ್ಲೇ ಯಾಕೆ? ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಮಕ್ಕಳು ಉದ್ದಕ್ಕೆ ಬೆಳೆಯುವ ವಯಸ್ಸಿನಲ್ಲೇ ಜಾಸ್ತಿ. ಕಾಲು ಉದ್ದವಾಗುವುದು ಮುಖ್ಯವಾಗಿ ಮಂಡಿಯ ಮೇಲೆ ಕೆಳಗೆ. ಅಲ್ಲಿ ಕೋಶಗಳು ಭರದಿಂದ ಒಡೆದು ಎರಡಾಗುತ್ತಿರುತ್ತವೆ. ಮಕ್ಕಳು ಬಿದ್ದು ಏಟು ಮಾಡಿಕೊಳ್ಳುವುದೂ ಅದೇ ಮಂಡಿಗೆ. ಎರಡೂ ಒಂದೇ ಕಡೆ ಕಂಡ ಕೂಡಲೇ ನಾವು ಗಂಟು ಹಾಕಿಬಿಡುತ್ತೇವೆ. ಮಂಡಿ ನೆಲಕ್ಕೆ ಬಡಿದರೆ ಚರ್ಮ ತರಚುತ್ತದೆ. ಡಿಎನ್‌ಎಯ ಅಕ್ಷರ ಬದಲಾಗುವುದಿಲ್ಲ. ಡಿಎನ್‌ಎ ಅಂದರೆ ಕೋಶದೊಳಗಿನ ಬರಹ, ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರದಲ್ಲಿ ಬರೆದದ್ದು. ಜೀನ್ ಅಂದರೆ ಅದರ ಒಂದು ತುಂಡು. ಕ್ಯಾನ್ಸರ್ ಆಗಲು ಒಂದೇ ಕೋಶದ ಜೀನ್‌ಗಳಲ್ಲಿ ಇಂಥ ಬದಲಾವಣೆಗಳು ಒಂದಾದ ಮೇಲೊಂದು ಸೇರಬೇಕು.

ಇದು ನನಗೆ ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ನಮ್ಮ ಮನೆಯಲ್ಲೂ ಹೀಗೇ ಆಯಿತು. ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಅದೇ ವರ್ಷ ಅವರ ಕೆಲಸ ಹೋಗಿತ್ತು. ನೋಡಲು ಬಂದ ನೆಂಟರೆಲ್ಲ ಒಂದೇ ಮಾತು: "ಕೆಲಸ ಹೋಯ್ತಲ್ಲ, ಆ ಟೆನ್ಷನ್‌ಗೇ ಬಂದಿದ್ದು." ಅಪ್ಪ ಅದನ್ನು ನಂಬಿಬಿಟ್ಟರು. "ಅಷ್ಟು ತಲೆ ಕೆಡಿಸ್ಕೋಬಾರ್ದಿತ್ತು ಕಣೋ" ಅಂತ ಕೊನೆಯವರೆಗೂ ಅನ್ನುತ್ತಿದ್ದರು. ಆಗ ನನಗೆ ಏನೂ ಗೊತ್ತಿರಲಿಲ್ಲ, ಸುಮ್ನೆ ತಲೆಯಾಡಿಸಿದೆ. ಈಗ ಗೊತ್ತು. ದೊಡ್ಡ ಕರುಳಿನ ಒಳಗೆ ಪಾಲಿಪ್ ಎಂಬ ಸಣ್ಣ ಗಂಟೊಂದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷವೋ ಅದಕ್ಕಿಂತ ಜಾಸ್ತಿಯೋ ಬೇಕು. ಹೆಚ್ಚಿನ ಸಲ ಮೊದಲು ಎಪಿಸಿ ಎಂಬ ಜೀನ್ ಕೆಡುತ್ತದೆ. ಎಷ್ಟೋ ಕಾಲದ ಮೇಲೆ ಕೆರಾಸ್ ಎಂಬ ಇನ್ನೊಂದು ಜೀನ್ ಕೆಡುತ್ತದೆ. ಕೆಟ್ಟ ಕೋಶವನ್ನು ತಡೆಯುವ ಪಿ53 ಎಂಬ ಜೀನ್ ಕೆಡುವುದು ಇನ್ನೂ ಆಮೇಲೆ. ಅಪ್ಪ ನಗುನಗುತ್ತಾ ಕೆಲಸಕ್ಕೆ ಹೋಗುತ್ತಿದ್ದ ವರ್ಷಗಳಲ್ಲೇ ಅದು ಶುರುವಾಗಿತ್ತು. ಇದನ್ನು ಅವರಿಗೆ ಹೇಳಲಾಗಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಏಟಿನ ಮಾತು ಬಂತಲ್ಲ, ಈ ವಿಜ್ಞಾನದಲ್ಲೂ ಏಟು ಎಂಬ ಮಾತೇ ಇದೆ. 1971ರಲ್ಲಿ ಆಲ್ಫ್ರೆಡ್ ಕ್ನುಡ್ಸನ್ ಎಂಬ ವೈದ್ಯರು ಮಕ್ಕಳ ಕಣ್ಣಿನ ಕ್ಯಾನ್ಸರ್, ರೆಟಿನೋಬ್ಲಾಸ್ಟೋಮಾದ 48 ಪ್ರಕರಣಗಳ ದಾಖಲೆ ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಕೆಲವು ಮಕ್ಕಳಿಗೆ ತೀರಾ ಚಿಕ್ಕ ವಯಸ್ಸಿಗೇ, ಎರಡೂ ಕಣ್ಣಿಗೆ ಬರುತ್ತಿತ್ತು. ಇನ್ನು ಕೆಲವರಿಗೆ ಸ್ವಲ್ಪ ತಡವಾಗಿ, ಒಂದೇ ಕಣ್ಣಿಗೆ. ಅವರು ಹೇಳಿದ್ದು ಇಷ್ಟು: ಒಂದು ಜೀನಿಗೆ ಎರಡು ಏಟು ಬೀಳಬೇಕು. ಇಲ್ಲಿ ಏಟು ಅಂದರೆ ಜೀನಿನ ಒಂದು ಪ್ರತಿ ಕೆಡುವುದು. ಮೊದಲ ಗುಂಪಿನ ಮಕ್ಕಳು ಒಂದು ಏಟನ್ನು ಹುಟ್ಟುವಾಗಲೇ ತಂದಿರುತ್ತಾರೆ, ಇನ್ನೊಂದು ಆಮೇಲೆ ಬೀಳುತ್ತದೆ. ಎರಡನೇ ಗುಂಪಿನವರಿಗೆ ಎರಡೂ ಆಮೇಲೇ, ಒಂದೇ ಕೋಶದಲ್ಲಿ ಬೀಳಬೇಕು. ಆ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ, 13ನೇ ಕ್ರೋಮೋಸೋಮಿನ ಮೇಲೆ. ಆರ್‌ಬಿ ಅಂತ ಹೆಸರು. ಕೋಶ ಒಡೆದು ಎರಡಾಗುವ ಮುಂಚೆ "ತಡಿ" ಅಂತ ಹಿಡಿದು ನಿಲ್ಲಿಸುವ ಪ್ರೋಟೀನ್ ಅದರದ್ದು. ಜೀನಿಗೆ ಎರಡು ಪ್ರತಿ. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ.

ಗಮನಿಸಿದಿರಾ? ಮೊದಲ ಗುಂಪಿನ ಮಕ್ಕಳಿಗೆ ಹುಟ್ಟಿನಿಂದಲೇ ಮೈಯ ಪ್ರತಿ ಕೋಶದಲ್ಲೂ ಮೊದಲ ಏಟು ಬಿದ್ದಿದೆ. ಆದರೂ ಕಣ್ಣಿನ ಹಿಂಪದರವಾದ ರೆಟಿನಾದ ಲಕ್ಷಾಂತರ ಕೋಶಗಳಲ್ಲಿ ಕೆಡುವುದು ಕೆಲವೇ ಕೆಲವು. ಒಂದು ಏಟು ಸಾಲದು!

ಇನ್ನೂ ನಂಬಿಕೆ ಬರಲಿಲ್ಲವಾ? ನಿಮ್ಮ ಮೈಮೇಲಿನ ಮಚ್ಚೆ ನೋಡಿಕೊಳ್ಳಿ. ಈಗಲೇ ನೋಡಿಕೊಳ್ಳಿ, ನಾನು ಕಾಯುತ್ತೇನೆ. ಎಷ್ಟೋ ಮಚ್ಚೆಗಳಲ್ಲಿ ಬಿರಾಫ್ ಎಂಬ ಜೀನ್ ಕೆಟ್ಟಿರುತ್ತದೆ. ಅದರ ಪ್ರೋಟೀನಿನ 600ನೇ ಜಾಗದಲ್ಲಿ ಒಂದು ಕೊಂಡಿ ಬದಲಾಗಿರುತ್ತದೆ, ಅಷ್ಟೇ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಸಲ ಕಾಣುವುದು ಇದೇ ಜೀನಿನ ಕೆಡುಕು. ನಿಮ್ಮ ಮಚ್ಚೆ ಅದನ್ನು ಹೊತ್ತುಕೊಂಡು 30 ವರ್ಷದಿಂದ ತೆಪ್ಪಗೆ ಕೂತಿದೆ. ಸ್ವಲ್ಪ ಬೆಳೆಯಿತು, ಕೋಶಗಳೇ ನಿಲ್ಲಿಸಿದವು, ಮುಗಿಯಿತು. 2015ರಲ್ಲಿ ಬಿಸಿಲು ಬಿದ್ದ ಕಣ್ಣುರೆಪ್ಪೆಯ ಚರ್ಮದ ಡಿಎನ್‌ಎಯನ್ನು ಓದಿ ನೋಡಿದರು. ಯಾವ ರೋಗವೂ ಇಲ್ಲದ ಚರ್ಮ. ಸುಮಾರು ನಾಲ್ಕು ಕೋಶಕ್ಕೊಂದರಲ್ಲಿ ಕ್ಯಾನ್ಸರಿಗೆ ದಾರಿ ಮಾಡುವಂಥ ಬದಲಾವಣೆ ಆಗಲೇ ಇತ್ತು. ನಾವೆಲ್ಲ ಏಟು ತಿಂದುಕೊಂಡೇ ಓಡಾಡುತ್ತಿದ್ದೇವೆ. ಒಂದು ಏಟಿಗೇ ಕ್ಯಾನ್ಸರ್ ಬರುವಂತಿದ್ದರೆ ಇವತ್ತು ಈ ವಿಡಿಯೋ ನೋಡಲು ಯಾರೂ ಇರುತ್ತಿರಲಿಲ್ಲ.

ಅಂದ ಹಾಗೆ, ಹೊಸಬರು ದಯವಿಟ್ಟು ಸಬ್‌ಸ್ಕ್ರೈಬ್ ಆಗಿ. ಆನೆಗಳ ಬಗ್ಗೆ ಮಾಡಿದ ಸಂಚಿಕೆಯನ್ನೂ ನೋಡಿ. ನಮ್ಮ ಕೋಶದಲ್ಲಿ ಪಿ53 ಜೀನಿಗೆ ಎರಡು ಪ್ರತಿ, ಆನೆಗೆ ಸುಮಾರು 40. ಅಷ್ಟು ದೊಡ್ಡ ಮೈ, ಆದರೂ ಕ್ಯಾನ್ಸರ್ ಅಪರೂಪ. ನನಗೆ ತುಂಬಾ ಇಷ್ಟವಾದ ಸಂಚಿಕೆ ಅದು.

ಸರಿ, ವಾದ ಮಾಡುವವರು ಬರುತ್ತಾರೆ. "1982ರಲ್ಲಿ ಮೂತ್ರಕೋಶದ ಕ್ಯಾನ್ಸರಿನ ರಾಸ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದು ಸಿಕ್ತಲ್ಲ? ಜಿ ಹೋಗಿ ಟಿ ಬಂತು, ಅಷ್ಟಕ್ಕೇ ಕ್ಯಾನ್ಸರ್!" ಅರ್ಧ ಓದಿ ಬಂದರೆ ಹೀಗೇ ಆಗುವುದು. ಮುಂದಿನ ವರ್ಷದ್ದನ್ನೂ ಓದಿ ಸ್ವಾಮಿ. 1983ರಲ್ಲಿ ಇಲಿಯ ಮಾಮೂಲಿ ಕೋಶಗಳಿಗೆ ಅದೇ ರಾಸ್ ಒಂದನ್ನೇ ಹಾಕಿದರು, ಕ್ಯಾನ್ಸರ್ ಕೋಶ ಆಗಲಿಲ್ಲ. ಮಿಕ್ ಎಂಬ ಇನ್ನೊಂದು ಜೀನ್ ಜೊತೆಗೆ ಹಾಕಿದಾಗ ಆಯಿತು. ಒಂದು ಸಾಲದು, ಎರಡು ಬೇಕು. ಮನುಷ್ಯನ ಕೋಶಕ್ಕೆ ಅದೂ ಸಾಲದು.

"ಹಾಗಾದ್ರೆ ಹಿರೋಷಿಮಾ? ಅದು ಒಂದೇ ದಿನ ಅಲ್ವಾ?" ಹೌದು, 1945ರ ಆಗಸ್ಟ್ 6, ಅಣುಬಾಂಬ್ ಬಿದ್ದ ದಿನ. ಬದುಕಿ ಉಳಿದವರಲ್ಲಿ ರಕ್ತದ ಕ್ಯಾನ್ಸರ್ ಏರಿದ್ದು ಯಾವಾಗ? ಕೆಲವು ವರ್ಷಗಳ ಮೇಲೆ. ಬೇರೆ ಕ್ಯಾನ್ಸರ್‌ಗಳು ದಶಕಗಳ ಮೇಲೆ. ಮನುಷ್ಯ ಕಂಡ ಅತಿ ಘೋರ ದಿನವೂ ಒಂದು ಏಟು ಕೊಟ್ಟಿತು, ಉಳಿದವು ಬೀಳಲು ವರ್ಷಗಳೇ ಹಿಡಿದವು. ನೀವು ಇಲ್ಲಿ ಮಂಡಿ ತರಚಿದ್ದರ ಬಗ್ಗೆ ಮಾತಾಡುತ್ತಿದ್ದೀರಿ!

"ಚಿಕ್ಕ ಮಕ್ಕಳಿಗೆ ಅಷ್ಟು ವರ್ಷ ಎಲ್ಲಿತ್ತು?" ಅವರಿಗೂ ಒಂದೇ ದಿನವಲ್ಲ. ಮಕ್ಕಳ ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ ಎರಡು ಜೀನ್‌ಗಳು ತಪ್ಪಾಗಿ ಅಂಟಿಕೊಂಡಿರುತ್ತವೆ. ಹುಟ್ಟಿದ ವಾರದಲ್ಲಿ ತೆಗೆದಿಟ್ಟ ರಕ್ತದ ಹನಿಯಲ್ಲೇ ಆ ಬೆಸುಗೆ ಸಿಕ್ಕಿದೆ. ಅಂದರೆ ಹೊಟ್ಟೆಯಲ್ಲಿದ್ದಾಗಲೇ ಆದದ್ದು. ಹಾಗೆ ಹುಟ್ಟಿದ ಬಹುತೇಕ ಮಕ್ಕಳಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಯಾಕೆ? ಇನ್ನೊಂದು ಏಟು ಬೀಳಲಿಲ್ಲ. ಎಷ್ಟು ಸಲ ಹೇಳಬೇಕು!

"ಒಂದು ದಿನದಿಂದ ಬರಲ್ಲ ಅಂದ್ರೆ ಸಿಗರೇಟ್ ಸೇದಬಹುದಾ?" ಇಂಥ ಪ್ರಶ್ನೆ ಕೇಳುವವರಿಗೆ ನಾನು ಹೇಳಿದ್ದು ಕಿವಿಗೆ ಬಿದ್ದಿಲ್ಲ. ದಿನಕ್ಕೊಂದು ಪ್ಯಾಕ್ ಸೇದಿದರೆ ಶ್ವಾಸಕೋಶದ ಒಂದೊಂದು ಕೋಶದಲ್ಲೂ ವರ್ಷಕ್ಕೆ ಸುಮಾರು 150 ಬದಲಾವಣೆ. ಹೊಗೆಯಲ್ಲಿರುವ ಬೆಂಜೋಪೈರೀನ್ ಡಿಎನ್‌ಎಯ ಜಿ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ, ನಕಲಾಗುವಾಗ ಅಲ್ಲಿ ಟಿ ಬಂದು ಕೂರುತ್ತದೆ. ಒಂದು ದಿನ ಅಲ್ಲ, ದಿನಾ ದಿನಾ. ನಿಲ್ಲಿಸಿದ ದಿನದಿಂದ ಆ ಏಟು ನಿಲ್ಲುತ್ತದೆ. ನಿಲ್ಲಿಸಿ.

ಇನ್ನೂ ಎರಡು ಪುಟ ಬರೆದಿಟ್ಟಿದ್ದೆ. ಡಿಎನ್‌ಎ ರಿಪೇರಿ ಮಾಡುವ ಬಿಆರ್‌ಸಿಎಯಂಥ ಜೀನ್‌ಗಳು, ಅದೆಲ್ಲ ಮುಂದಿನ ವಾರ. ಈಗ ಓದಲು ಮನಸ್ಸಿಲ್ಲ. ಏಟು ಬಿತ್ತು, ಬಂತು ಅಂತೀರಿ. ಟೆನ್ಷನ್ ಆಯ್ತು, ಬಂತು ಅಂತೀರಿ. ಇಲ್ಲ ರೀ! ಅವತ್ತು ಬರಲಿಲ್ಲ. ಯಾವತ್ತೋ ಒಂದು ದಿನ ಬರಲಿಲ್ಲ. ಆ ಒಂದು ದಿನ ಅಂತ ಇಲ್ಲವೇ ಇಲ್ಲ. ಇಲ್ಲದ ದಿನವನ್ನು ಹುಡುಕಿ ಒಬ್ಬ ತಾಯಿಯ ತಲೆಗೆ ಕಟ್ಟುತ್ತಿದ್ದೀರಿ.

ಆ 11 ಜನ, ನೀವು ಬರೆದದ್ದನ್ನು ಅಳಿಸಿ. ಇವತ್ತೇ ಅಳಿಸಿ. ರಾತ್ರಿ ಹೋಗಿ ನೋಡುತ್ತೇನೆ.

ಅಮ್ಮಾ, ಮಗನ ಚಿಕಿತ್ಸೆ ಎಲ್ಲಿಗೆ ಬಂತು ಅಂತ ಬರೆಯಿರಿ. ಅವನು ಮತ್ತೆ ಆಟಕ್ಕೆ ಹೋಗುತ್ತೇನೆ ಅಂದರೆ, ಡಾಕ್ಟರು ಸರಿ ಅಂದ ಮೇಲೆ ಕಳಿಸಿ.