ಬುರ್ರ್ ಅನ್ನುವುದು ಯಾರು?

ಕೇಳುಗರಿಗೆಲ್ಲ ನಮಸ್ಕಾರ.

ಯುಗಾದಿಗೆ ಮಗಳ ಮನೆಗೆ ಹೋಗುವಾಗ ಮೂರೂವರೆ ವರ್ಷದ ಮೊಮ್ಮಗನಿಗೆ ಒಂದು ಪೊಲೀಸ್ ಜೀಪು ತೆಗೆದುಕೊಂಡು ಹೋಗಿದ್ದೆ. ಬ್ಯಾಟರಿಯದು. ಕೆಂಪು ನೀಲಿ ದೀಪ, ಕಿವಿ ಕಿತ್ತುಹೋಗುವಂಥ ಸೈರನ್, ಜೊತೆಗೆ ಒಂದು ಪುಟ್ಟ ರಿಮೋಟು. ಮೊದಲ ದಿನ ಮನೆಯವರೆಲ್ಲ ಸುತ್ತ ನಿಂತು ನೋಡಿದೆವು. ರಿಮೋಟು ಅವನ ಅಪ್ಪನ ಕೈಯಲ್ಲೇ ಇತ್ತು, ಅದು ಬೇರೆ ಮಾತು. ಎರಡನೇ ದಿನ ಹುಡುಗ ಜೀಪನ್ನು ಬೋರಲು ಹಾಕಿ, ಚಕ್ರ ತಾನೇ ತಿರುಗುವುದನ್ನು ನೋಡುತ್ತ ಕೂತ. ಮೂರನೇ ದಿನ ರಿಮೋಟಿನ ಹಿಂದಿನ ಮುಚ್ಚಳ ಬಿಚ್ಚಿಕೊಂಡಿತ್ತು. ಒಳಗಿನ ಬಿಲ್ಲೆ ಸೆಲ್ಲು ಅವನ ಮುಷ್ಟಿಯಲ್ಲಿತ್ತು. ಪುಣ್ಯಕ್ಕೆ ಇನ್ನೂ ಮುಷ್ಟಿಯಲ್ಲಿತ್ತು.

ಒಂದು ರೂಪಾಯಿ ನಾಣ್ಯದಷ್ಟು ಅಗಲದ ಈ ಸೆಲ್ಲನ್ನು ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು. ಅಲ್ಲಿನ ತೇವ ತಾಗಿದ ಕೂಡಲೇ ಕರೆಂಟು ಹರಿಯಲು ಶುರು. ಸುಣ್ಣದಂಥ ಖಾರದ ರಸ ಹುಟ್ಟಿ, ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಆಗುವುದುಂಟು. ಸೆಲ್ಲು ಹಳೆಯದಾಗಿದ್ದರೂ ನಂಬುವಂತಿಲ್ಲ. ನುಂಗಿರಬಹುದು ಅನ್ನುವ ಅನುಮಾನ ಬಂದರೆ ಸಾಕು, ವಾಂತಿ ಮಾಡಿಸಲು ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಅವತ್ತು ರಾತ್ರಿ ನನಗಂತೂ ನಿದ್ದೆ ಬರಲಿಲ್ಲ. ಜೀಪು ಅಟ್ಟ ಸೇರಿತು.

ಬ್ಯಾಟರಿ ಇಲ್ಲದ ಗಾಡಿಯನ್ನೇ ತಂದುಕೊಡುತ್ತೇನೆ ಎಂದು ಮಗಳಿಗೆ ಹೇಳಿದೆ. ಅವಳು ನಕ್ಕಳು. "ಈಗಿನ ಮಕ್ಕಳು ಅದರಲ್ಲಿ ಎಲ್ಲಿ ಆಡ್ತಾರಮ್ಮ?" ಅಂದಳು.

ಯಾಕೆ ಆಡುವುದಿಲ್ಲ? ಹರಪ್ಪ, ಮೊಹೆಂಜೊದಾರೊಗಳ ಮಣ್ಣಿನಡಿ ಸಿಕ್ಕ ವಸ್ತುಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಎತ್ತಿನ ಗಾಡಿಗಳಿವೆ. 4,000 ವರ್ಷಕ್ಕೂ ಹಿಂದಿನವು. ಅಷ್ಟು ದೂರ ಯಾಕೆ, ನಾವು ಓಡಿಸಿದ್ದು ಹಳೇ ಸೈಕಲ್ ಟೈರು, ಒಂದು ಕೋಲು. ತಾಟಿನಿಂಗು ತಿಂದು ಉಳಿದ ಕರಟಕ್ಕೆ ಕಡ್ಡಿ ಚುಚ್ಚಿದರೆ ಎರಡು ಗಾಲಿ ಆಯಿತು. ಜೋಳ ಬೆಳೆಯುವ ಕಡೆ ದಂಟಿನಲ್ಲೇ ಬಂಡಿ ಕಟ್ಟುತ್ತಿದ್ದರು. ಇವಕ್ಕೆಲ್ಲ ಇಂಜಿನ್ ಇದ್ದದ್ದು ನಮ್ಮ ಬಾಯಲ್ಲಿ. ಬುರ್ರ್ ಅನ್ನಬೇಕಾದರೆ ನಾವೇ ಅನ್ನಬೇಕು, ಹಾರನ್ನೂ ನಮ್ಮದೇ.

ಹಾಗಾಗಿ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಚನ್ನಪಟ್ಟಣದಲ್ಲಿ ಇಳಿದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಮೊದಲು ಎಲ್ಲ ಬಸ್ಸೂ ಕಾರೂ ಊರೊಳಗೇ ಹಾದು ಹೋಗುತ್ತಿದ್ದವು, ಬೊಂಬೆ ಅಂಗಡಿಗಳು ಕಣ್ಣಿಗೆ ಬೀಳುತ್ತಿದ್ದವು. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಅವಸರದ ಗಾಡಿಗಳು ಊರ ಹೊರಗೇ ಹೋಗಿಬಿಡುತ್ತವೆ. ನೆನಪಿಟ್ಟುಕೊಂಡು ಒಳಗೆ ತಿರುಗಬೇಕು.

ಅಲ್ಲಿ ಬೊಂಬೆಗೆ ಹಿಂದಿನಿಂದ ಬಳಸುವುದು ಹಾಲೆ ಮರ. ಆಲೆ ಮರ ಅಂತಲೂ ಕರೆಯುತ್ತಾರೆ. ಬೆಳ್ಳಗೆ, ಹಗುರ, ನುಣುಪು. ಈಗ ಬೇರೆ ಮರಗಳೂ ಬಂದಿವೆ. ಲೇತಿನಲ್ಲಿ ಗಿರಗಿರ ಸುತ್ತುವ ಮರವನ್ನು ಉಳಿ ಹಿಡಿದು ಕಡೆಯುತ್ತಾರೆ. ಸುತ್ತುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಕನ್ನಡಿ ಹಾಗೆ ಹೊಳಪು. ಕುಂಚ ಇಲ್ಲ, ಒಣಗಲಿ ಎಂದು ಕಾಯುವುದೂ ಇಲ್ಲ. ಪಾಂಡವರನ್ನು ಸುಡಲು ಕಟ್ಟಿದ್ದ ಅರಗಿನ ಮನೆ ಗೊತ್ತಲ್ಲ, ಅದೇ ಅರಗು. ಒಂದು ಸಣ್ಣ ಹುಳು ಮರದ ರೆಂಬೆಯ ಮೇಲೆ ಮಾಡುವ ಅಂಟು.

ಇನ್ನೊಂದು ವಿಷಯ ಅಲ್ಲಿ ನಿಂತು ನೋಡಿದಾಗ ಹೊಳೆಯಿತು. ಲೇತಿನಿಂದ ಬರುವುದೆಲ್ಲ ದುಂಡಗೇ ಬರುತ್ತದೆ, ಅಲ್ವಾ? ರೈಲಿನ ಇಂಜಿನ್ನು, ಗಾಲಿ, ಒಳಗೆ ಕೂತ ಡ್ರೈವರನ ತಲೆ ಎಲ್ಲ ದುಂಡಗೆ. ಚುಚ್ಚುವ ಮೂಲೆಯೇ ಕಡಿಮೆ. ಮಗು ಅದರ ಮೇಲೆ ಬಿದ್ದರೂ ಮೂಲೆ ಚುಚ್ಚುವ ಭಯ ಕಡಿಮೆ. ಅಚ್ಚು ಒತ್ತಿದ ತಗಡಿನ ಕಾರಿನ ಅಂಚು ಬೆರಳಿಗೆ ತಾಗಿದವರಿಗೆ ಇದರ ಬೆಲೆ ಗೊತ್ತು.

ಅಂಗಡಿಯವರು ಮೊದಲು ಒಂದು ಕಾರು ತೋರಿಸಿದರು. ಚೆಂದ ಇತ್ತು. ನಾನು ಅದನ್ನು ನೆಲಕ್ಕಿಟ್ಟು ತಳ್ಳಿದೆ. "ಅಮ್ಮಾ, ಷೋಕೇಸಿಗೆ ಚೆನ್ನಾಗಿರುತ್ತೆ" ಅಂದರು. ನಿಜ ಹೇಳಿದರಲ್ಲ ಎಂದು ಖುಷಿಯಾಯಿತು. ಗಾಲಿ ಬಟನ್ನಿನಷ್ಟು. ಚಾಪೆಯ ಅಂಚನ್ನೂ ದಾಟಲಾರದು. ಮನೆಯಲ್ಲಿ ಹೊಸ್ತಿಲು ಇದೆ, ಕಾಲೊರಸು ಇದೆ, ಟೈಲ್ಸಿನ ಸಂದು ಇದೆ. ಗಾಲಿ ದೊಡ್ಡದಿರಬೇಕು, ಎರಡು ಗಾಲಿಗಳ ನಡುವೆ ಅಗಲ ಇರಬೇಕು, ಭಾರ ಕೆಳಗಿರಬೇಕು. ಇಲ್ಲದಿದ್ದರೆ ಪ್ರತಿ ತಿರುವಿಗೂ ಪಲ್ಟಿ, ಪ್ರತಿ ಪಲ್ಟಿಗೂ ಅಳು.

ಆಮೇಲೆ ಪ್ರತಿ ಗಾಲಿಯನ್ನೂ ಹಿಡಿದು ಜಗ್ಗಿ ನೋಡಿದೆ. ಅಂಗಡಿಯವರು ಏನಂದುಕೊಂಡಾರು ಎನ್ನುವ ನಾಚಿಕೆ ಬೇಡ. ನಾವು ಜಗ್ಗದಿದ್ದರೆ ಮಗು ಹಲ್ಲಿನಲ್ಲಿ ಜಗ್ಗುತ್ತದೆ. ಮನೆಯಲ್ಲಿ ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಇನ್ನೂ ಎಚ್ಚರ ಬೇಕು. ಅಂಥ ಮಕ್ಕಳ ಆಟಿಕೆ ಪರೀಕ್ಷಿಸಲು ಸುಮಾರು 32 ಮಿಲಿಮೀಟರ್ ಅಗಲದ ಒಂದು ಗಿಡ್ಡ ಕೊಳವೆ ಇದೆ. ಅದರೊಳಗೆ ಪೂರ್ತಿ ಕೂರುವ ತುಂಡು ಅವರ ಗಂಟಲಿಗೂ ಹೋಗಬಹುದು ಎಂದು ಲೆಕ್ಕ. ಅಂದರೆ ಕಿತ್ತುಬರುವ ಗಾಲಿ ನಿಂಬೆಹಣ್ಣಿಗಿಂತ ಚಿಕ್ಕದಾಗಿದ್ದರೆ ಆ ಗಾಡಿ ಬೇಡ. ಬಿಳಿ ಕರ್ಚೀಫು ಒದ್ದೆ ಮಾಡಿ ಉಜ್ಜಿಯೂ ನೋಡಿದೆ, ಬಣ್ಣ ಹತ್ತಲಿಲ್ಲ. ಅರಿಶಿನ, ನೀಲಿಗಿಡದಂಥ ಬಣ್ಣಗಳನ್ನು ಬಳಸುವವರಿದ್ದಾರೆ, ಎಲ್ಲರೂ ಅಲ್ಲ. ಕೇಳಿ ತೆಗೆದುಕೊಳ್ಳಿ.

ಐಎಸ್‌ಐ ಗುರುತಿನ ಬಗ್ಗೆ ಒಂದು ಗೊಂದಲ ಇದೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಆ ಗುರುತು ಕಡ್ಡಾಯ. ಪ್ಲಾಸ್ಟಿಕ್ ಗಾಡಿ ಕೊಳ್ಳುವಾಗ ಮೊದಲು ಅದನ್ನೇ ಹುಡುಕಿ. ಆದರೆ ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಬೊಂಬೆಗೆ, ಭೌಗೋಳಿಕ ಗುರುತು, ಅಂದರೆ ಇಂಥ ಊರಿನದೇ ವಸ್ತು ಎನ್ನುವ ಜಿಐ ಗುರುತು, ಪಡೆದ ವಸ್ತುಗಳ ಅಧಿಕೃತ ತಯಾರಕರಿಗೆ ವಿನಾಯಿತಿ ಇದೆ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಆದ್ದರಿಂದ ಅಲ್ಲಿನ ಗಾಡಿಯ ಮೇಲೆ ಐಎಸ್‌ಐ ಇಲ್ಲ ಅಂದ ಮಾತ್ರಕ್ಕೆ ಅದು ನಕಲಿ ಅಲ್ಲ. ವಿನಾಯಿತಿ ಇದೆ ಅಂತ ನಮ್ಮ ಕಣ್ಣಿಗೆ ರಜೆ ಕೊಡುವುದೂ ಬೇಡ.

ಹಿಂದಕ್ಕೆ ಎಳೆದು ಬಿಟ್ಟರೆ ಜುಯ್ ಎಂದು ಓಡುವ ಸ್ಪ್ರಿಂಗ್ ಕಾರೂ ಇದೆ. ಬ್ಯಾಟರಿ ಇಲ್ಲ, ಸರಿ. ಆದರೆ ಅದು ನೇರ ಮಂಚದಡಿಗೆ ಹೋಗಿ ಸೇರುತ್ತದೆ. ತೆಗೆದುಕೊಡಲು ಬಗ್ಗುವವರು ಅಜ್ಜ ಅಜ್ಜಿ. ಜೆಸಿಬಿ ಕೇಳುವ ಮಕ್ಕಳೂ ಈಗ ಜಾಸ್ತಿ. ಕೈಯಿಂದ ಎತ್ತಿ ಇಳಿಸುವಂಥದ್ದಾದರೆ ಒಳ್ಳೆಯದೇ, ಆದರೆ ಮಡಚುವ ಜಾಗದಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆಯಾ ಎಂದು ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಈ ವಯಸ್ಸಿಗೆ ಲಾರಿಯೇ ಸರಿ. ತೆರೆದ ಹಿಂಬದಿ ಇರುವ ಲಾರಿ. ಕಾರಿನಲ್ಲಿ ಏನು ತುಂಬುತ್ತೀರಿ?

ಲಾರಿಯನ್ನೇ ತಂದೆ. ಮುಂದೆ ಎಳೆಯಲು ಒಂದು ದಾರ. ಅದು ತೀರಾ ಗಿಡ್ಡ ಇದ್ದುದರಿಂದ ಎಳೆದಾಗ ಮುಂದಿನ ಗಾಲಿ ಮೇಲೇಳುತ್ತಿತ್ತು. ಸ್ವಲ್ಪ ಉದ್ದದ ದಾರ ಕಟ್ಟಿದೆವು. ತುದಿಗೆ ಕುಣಿಕೆ ಹಾಕಲಿಲ್ಲ, ಕತ್ತಿಗೆ ಹಾಕಿಕೊಂಡಾನು. ಮಲಗುವ ಹೊತ್ತಿಗೆ ದಾರ ಬಿಚ್ಚಿ ಗೂಟಕ್ಕೆ ಸಿಗಿಸುತ್ತೇವೆ. ಮಳೆಗಾಲದಲ್ಲಿ ಮರ ಹಿಗ್ಗಿ ಗಾಲಿ ಬಿಗಿಯಾಯಿತು. ಅಚ್ಚಿಗೆ ಮೇಣದಬತ್ತಿ ಉಜ್ಜಿದರೆ ಮತ್ತೆ ಸಲೀಸು. ತೊಳೆಯಬೇಡಿ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಿಸಿಲಲ್ಲಿ ನಿಂತ ಕಾರೊಳಗೂ ಬಿಡಬೇಡಿ. ಬಿಸಿಗೆ ಹತ್ತಿದ ಅರಗು ಬಿಸಿಗೇ ಮೆತ್ತಗಾಗುತ್ತದೆ.

ಮೊದಲೆರಡು ದಿನ ಅವನು ಸ್ವಿಚ್ಚು ಹುಡುಕಿದ, ಸುಳ್ಳು ಹೇಳುವುದಿಲ್ಲ. ಬೋರಲು ಹಾಕಿ ನೋಡಿದ, ಏನೂ ಆಗಲಿಲ್ಲ. ಬಿಟ್ಟು ಎದ್ದು ಹೋದ. ಮಗಳು ನನ್ನ ಮುಖ ನೋಡಿದಳು. ಮೂರನೇ ದಿನ ನಾನು ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಹಿಂದಿನಿಂದ ಬುರ್ರ್ ಎಂದು ಕೇಳಿತು. ಎರಡು ಈರುಳ್ಳಿ, ಒಂದು ಆಲೂಗಡ್ಡೆ, ಅಜ್ಜನ ಕನ್ನಡಕದ ಡಬ್ಬಿ ತುಂಬಿಕೊಂಡು ಲಾರಿ ಹೊಸ್ತಿಲು ದಾಟಿ ಬಂತು.

"ಅಜ್ಜಿ, ಕಾಲು ತೆಗಿ. ಲೋಡ್ ಬಂದಿದೆ."

ತೆಗೆದೆ.

ನಮಸ್ಕಾರ.